ಎಲ್ಲ ತಪ್ಪೂ ನೆಟ್‌ವರ್ಕಿನದಲ್ಲ

"ನೆಟ್‌ವರ್ಕ್ ಇರಲಿಲ್ಲ ಸರ್."

ನಮ್ಮ ಕಾಲೇಜಿನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದು ಎಂದು ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ಇದಕ್ಕೇ ಸಿಗುತ್ತದೆ. ಅಸೈನ್‌ಮೆಂಟ್ ಕಳಿಸದಿದ್ದರೆ ನೆಟ್‌ವರ್ಕ್, ಅರ್ಜಿ ತುಂಬದಿದ್ದರೆ ನೆಟ್‌ವರ್ಕ್, ಫೋನ್ ಎತ್ತದಿದ್ದರೂ ನೆಟ್‌ವರ್ಕ್. ಈ ಮಾತು ಪೂರ್ತಿ ಸುಳ್ಳೂ ಅಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದು ಎಲ್ಲರಿಗೂ ನೆನಪಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆ ದಾಟಿ ನಾಲ್ಕು ಕಿಲೋಮೀಟರ್ ಹೋದರೆ ಸಾಕು, ಯಾವ ತಿರುವಿನಲ್ಲಿ ಸಿಗ್ನಲ್ ಹೋಗುತ್ತದೆ, ಯಾವ ತಿರುವಿನಲ್ಲಿ ಬರುತ್ತದೆ ಎಂಬುದು ಬಸ್ಸಿನಲ್ಲಿ ಓಡಾಡುವ ನಮಗೆಲ್ಲ ಬಾಯಿಪಾಠ.

ಆದರೆ ಕಳೆದ ರಜೆಯಲ್ಲಿ ಹದಿನೈದು ದಿನ ಒಂದು ವಿಡಿಯೊದ ಜತೆ ಗುದ್ದಾಡಿದ ಮೇಲೆ, ಆ ಮಾತು ಹೇಳುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ. ಆ ಹದಿನೈದು ದಿನಗಳಲ್ಲಿ ನನಗೆ ಆರು ತೊಂದರೆಗಳು ಎದುರಾದವು. ಆರರಲ್ಲಿ ನೆಟ್‌ವರ್ಕಿನ ತಪ್ಪು ಒಂದೇ. ಏಳನೆಯ ತಪ್ಪೂ ಒಂದಿತ್ತು. ಅದು ನನ್ನದೇ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ವಿಡಿಯೊದ ಕತೆ. ನಮ್ಮ ದಾದಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಚಾಚಾ ಸೌದಿಯ ಜುಬೈಲ್‌ನಲ್ಲಿದ್ದಾರೆ. ನಮ್ಮಲ್ಲಿ ದಫನ್ ತಡಮಾಡುವುದಿಲ್ಲ, ಅಷ್ಟರೊಳಗೆ ಅವರಿಗೆ ಬರಲಾಗಲಿಲ್ಲ. ವಾರ ಕಳೆದ ಮೇಲೆ ಫೋನ್ ಮಾಡಿ ಒಂದೇ ಒಂದು ಕೇಳಿದರು. "ರಂಜಾನ್ ಈದಿನ ದಿನ ನೀನು ಅಮ್ಮಾನ ವಿಡಿಯೊ ಮಾಡಿದ್ದೆಯಲ್ಲ, ಅದನ್ನು ಪೂರ್ತಿ ಕಳಿಸು. ವಾಟ್ಸಾಪಿನಲ್ಲಿ ಬಂದದ್ದು ಮಂಜುಮಂಜು. ಮುಖ ಸರಿಯಾಗಿ ಕಾಣುವುದಿಲ್ಲ."

ಹನ್ನೆರಡು ನಿಮಿಷದ ವಿಡಿಯೊ ಅದು. ಹಿತ್ತಲ ಬಾಗಿಲಲ್ಲಿ ಮಣೆಯ ಮೇಲೆ ಕುಳಿತು ದಾದಿ ಖರ್ಜೂರ ಹೆಚ್ಚುತ್ತ, ಸಿದ್ದಾಪುರದಿಂದ ಶಿರಸಿಗೆ ಮದುವೆಯಾಗಿ ಬಂದ ದಿನದ ಕತೆ ಹೇಳುತ್ತಾರೆ. ಅವರ ಉರ್ದು ಪುಸ್ತಕದ ಉರ್ದುವಲ್ಲ. ಅಡಿಕೆ ಕೊಯ್ಲು, ಹಿತ್ತಲು, ಸೌದೆ ಎಲ್ಲಕ್ಕೂ ಕನ್ನಡದ ಶಬ್ದವೇ ಬರುತ್ತದೆ. ಮನೆಯಲ್ಲಿ ಈಗ ಹಾಗೆ ಮಾತಾಡುವವರು ಯಾರೂ ಉಳಿದಿಲ್ಲ. ಆ ವಿಡಿಯೊ ನನ್ನ ಫೋನ್ ಬಿಟ್ಟರೆ ಜಗತ್ತಿನಲ್ಲಿ ಬೇರೆ ಎಲ್ಲೂ ಇರಲಿಲ್ಲ.

ಚಾಚಾ ಎರಡು ವರ್ಷದ ಹಿಂದೆ ಮನೆತನದ ಹೆಸರಿನಲ್ಲಿ ಒಂದು ವೆಬ್‌ಸೈಟ್ ವಿಳಾಸ ಕೊಂಡಿದ್ದರು. ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟಿ ಸರ್ವರಿನಲ್ಲಿ ಒಂದಿಷ್ಟು ಜಾಗವನ್ನೂ ಪಡೆದಿದ್ದರು. ವರ್ಡ್‌ಪ್ರೆಸ್‌ನಲ್ಲಿ ಎರಡು ಪುಟ ಮಾಡಿ ಬಿಟ್ಟಿದ್ದರು. "ಅದರಲ್ಲಿ ಹಾಕು, ಯಲ್ಲಾಪುರದ ಫುಪ್ಪು, ಸಿದ್ದಾಪುರದ ಖಾಲಾ ಎಲ್ಲರೂ ನೋಡಲಿ" ಎಂದರು. ಪಿಸಿಎಂಸಿ ಓದುವ ಹುಡುಗಾಟಿಕೆಯ ಧೈರ್ಯದಲ್ಲಿ "ಅದೇನು ಚಾಚಾ, ಐದು ನಿಮಿಷದ ಕೆಲಸ" ಎಂದುಬಿಟ್ಟೆ.

ಐದು ನಿಮಿಷ ಹದಿನೈದು ದಿನವಾಯಿತು.

ಮೊದಲ ದಿನ ಅಪ್‌ಲೋಡ್ ಗುಂಡಿ ಒತ್ತಿದ ಕೂಡಲೇ ಕೆಂಪು ಅಕ್ಷರ ಬಂತು: ಈ ಕಡತ ನಿಗದಿತ ಮಿತಿಯನ್ನು ಮೀರಿದೆ. ನಾನು ನೆಟ್‌ವರ್ಕಿಗೆ ಬೈದೆ. ಫೋನ್ ಹಿಡಿದು ಮಾಳಿಗೆಗೆ ಹೋಗಿ ಮತ್ತೆ ಒತ್ತಿದೆ. ಅದೇ ಕೆಂಪು ಅಕ್ಷರ. ಮೂರನೆಯ ಸಲವಷ್ಟೇ ಆ ಸಾಲನ್ನು ಪೂರ್ತಿ ಓದಿದ್ದು. ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಗರಿಷ್ಠ ಗಾತ್ರ 2 ಎಂಬಿ ಎಂದು ಬರೆದಿತ್ತು. ನನ್ನ ಕಡತ 1.5 ಜಿಬಿ. ವರ್ಡ್‌ಪ್ರೆಸ್ ಓಡುವುದು ಪಿಎಚ್‌ಪಿ ಎಂಬ ಭಾಷೆಯಲ್ಲಿ. ನಾವು ಏನೂ ಬದಲಿಸದಿದ್ದರೆ ಅದು ಒಂದು ಕಡತಕ್ಕೆ 2 ಎಂಬಿಗಿಂತ ಹೆಚ್ಚು ಬಿಡುವುದಿಲ್ಲ. ಅಂದರೆ ವಿಡಿಯೊ ಮನೆಯಿಂದ ಹೊರಟೇ ಇರಲಿಲ್ಲ. ನಾನು ರಸ್ತೆಗೆ ಬೈಯುತ್ತಿದ್ದೆ.

ಎರಡನೆಯ ತೊಂದರೆ ಇದರ ತಮ್ಮ. ಸರ್ವರಿನ ನಿಯಂತ್ರಣ ಪುಟಕ್ಕೆ ಹೋಗಿ 'ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್' ಎಂಬಲ್ಲಿ 2 ಎಂಬಿ ತೆಗೆದು 2 ಜಿಬಿ ಮಾಡಿದೆ. ಹಿಂತಿರುಗಿ ನೋಡಿದರೆ ಪುಟ ಈಗ 8 ಎಂಬಿ ಎನ್ನುತ್ತಿದೆ! ನಾನು ಹಾಕಿದ್ದು 2 ಜಿಬಿ, ಅದು ಹೇಳುವುದು 8 ಎಂಬಿ. ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರನ್ನು ಕೇಳಿದಾಗ ಗೊತ್ತಾಯಿತು, 'ಪೋಸ್ಟ್ ಮ್ಯಾಕ್ಸ್ ಸೈಜ್' ಎಂಬ ಇನ್ನೊಂದು ಮಿತಿ ಬೇರೆಯೇ ಇದೆ. ಅದು ಸಾಮಾನ್ಯವಾಗಿ 8 ಎಂಬಿ ಇರುತ್ತದೆ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಡೆಯುತ್ತದೆ. "ಅಂಗಳದ ದಣಪೆ ಅಗಲ ಮಾಡಿ ಮನೆಬಾಗಿಲು ಹಾಗೇ ಬಿಟ್ಟರೆ ಮಂಚ ಒಳಗೆ ಹೋಗುತ್ತದಾ?" ಎಂದು ಅವರು ನಕ್ಕರು. ಇಂಥದ್ದರ ಬಗ್ಗೆ ಸರ್ವರ್ ಬಾಡಿಗೆ ಕೊಟ್ಟ ಕಂಪನಿಗೆ ಬರೆದಿದ್ದೆ. ಎರಡು ದಿನ ಬಿಟ್ಟು ಬಂದ ಉತ್ತರ: ನಿಮ್ಮ ಇಂಟರ್‌ನೆಟ್ ಪರೀಕ್ಷಿಸಿಕೊಳ್ಳಿ. ಅವರಿಗೂ ನಮ್ಮಂತೆಯೇ ನೆಟ್‌ವರ್ಕ್ ಒಂದು ರೆಡಿಮೇಡ್ ಉತ್ತರ.

ಮೂರನೆಯದು ನಿಜವಾಗಿಯೂ ನೆಟ್‌ವರ್ಕಿನದು. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಏಕೆಂದರೆ ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಇನ್ನೊಂದು ಮಾತು, ಕಂಪನಿಗಳು ಜಾಹೀರಾತಿನಲ್ಲಿ ದೊಡ್ಡದಾಗಿ ಹೇಳುವುದು ಡೌನ್‌ಲೋಡ್ ವೇಗ. ಮೊಬೈಲ್ ನೆಟ್‌ವರ್ಕಿನಲ್ಲಿ ಅಪ್‌ಲೋಡ್ ವೇಗ ಅದಕ್ಕಿಂತ ಬಹಳ ಕಡಿಮೆ ಇರುವುದೇ ಹೆಚ್ಚು. ನಮ್ಮ ಮನೆಯಲ್ಲಿ ಸಂಜೆ ಅಳೆದಾಗ ಅಪ್‌ಲೋಡ್ ಸೆಕೆಂಡಿಗೆ 1 ಮೆಗಾಬಿಟ್ ಇತ್ತು. 1.5 ಜಿಬಿ ಎಂದರೆ ಸುಮಾರು 12,000 ಮೆಗಾಬಿಟ್. ಅಂದರೆ 12,000 ಸೆಕೆಂಡು, 3 ಗಂಟೆ 20 ನಿಮಿಷ. ಅಷ್ಟು ಹೊತ್ತು ನಮ್ಮೂರಿನ ಮಳೆಯಲ್ಲಿ ಕರೆಂಟೂ ಹೋಗಬಾರದು, ಸಿಗ್ನಲ್ಲೂ ತಪ್ಪಬಾರದು, ಲ್ಯಾಪ್‌ಟಾಪ್ ನಿದ್ದೆಗೂ ಜಾರಬಾರದು. ಬ್ರೌಸರಿನಿಂದ ಹೀಗೆ ಕಳಿಸುವಾಗ ಶೇಕಡಾ 90ಕ್ಕೆ ಬಂದು ನಿಂತರೂ ಮತ್ತೆ ಸೊನ್ನೆಯಿಂದ ಶುರು. ಎರಡು ಸಲ ಹಾಗಾಯಿತು. ಆ ಹೊತ್ತಿಗೆ ದಿನದ ಡೇಟಾ ಮುಗಿಯಿತು. ಪ್ಯಾಕ್ ಮುಗಿದ ಮೇಲೆ ಸಿಗುವ ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ಅದೇ ಕಡತ ಕಳಿಸಲು 52 ಗಂಟೆ ಬೇಕು. ಬೇಕಾದರೆ ನೀವೇ ಗುಣಿಸಿ ನೋಡಿ.

ಆದರೆ ಇಲ್ಲಿಯೂ ಪರಿಹಾರ ಟವರಿನ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲೇ ಇತ್ತು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ವಿಡಿಯೊವನ್ನು 1080ರಿಂದ 720 ಗೆರೆಗೆ ಇಳಿಸಿ ಹದವಾಗಿ ಕುಗ್ಗಿಸಿದೆ. 1.5 ಜಿಬಿ ಇದ್ದದ್ದು 144 ಎಂಬಿ ಆಯಿತು. ದಾದಿಯ ಮುಖದ ಸುಕ್ಕು, ಕೈಯ ಬಳೆ ಎಲ್ಲ ಹಾಗೇ ಕಾಣುತ್ತಿತ್ತು. ವಾಟ್ಸಾಪ್ ಕುಗ್ಗಿಸುವಾಗ ನಮ್ಮನ್ನು ಕೇಳುವುದಿಲ್ಲ. ಇಲ್ಲಿ ಎಷ್ಟು ಕುಗ್ಗಿಸಬೇಕು ಎಂಬುದು ನಮ್ಮ ತೀರ್ಮಾನ, ವ್ಯತ್ಯಾಸ ಅಷ್ಟೇ. ಬ್ರೌಸರ್ ಬಿಟ್ಟು ಫೈಲ್‌ಝಿಲ್ಲಾ ಮೂಲಕ ನೇರವಾಗಿ ಸರ್ವರಿನ ಫೋಲ್ಡರಿಗೆ ಕಳಿಸಿದೆ. ಅದರಲ್ಲಿ ನಡುವೆ ತುಂಡಾದರೆ ತುಂಡಾದಲ್ಲಿಂದಲೇ ಮುಂದುವರಿಸಬಹುದು. ಬೆಳಗಿನ ನಮಾಜ್ ಮುಗಿಸಿ ಶುರು ಮಾಡಿದೆ, ಊರು ಏಳುವ ಮೊದಲು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಮುಗಿಯಿತು ಎಂದುಕೊಂಡೆ. ಪುಟದಲ್ಲಿ ಕೊಂಡಿ ಹಾಕಿ ಒತ್ತಿದರೆ '404, ಸಿಗಲಿಲ್ಲ' ಎಂದಿತು. ಕಡತ ಅಲ್ಲಿಯೇ ಕಣ್ಣೆದುರಿಗಿದೆ, ಸರ್ವರ್ ಇಲ್ಲ ಎನ್ನುತ್ತಿದೆ. ನಾಲ್ಕನೆಯ ತೊಂದರೆ ಇದು. ಕಡತಕ್ಕೆ ಹೆಸರಿಡುವಾಗ ಇಂಗ್ಲಿಷಿನ ದೊಡ್ಡ ಅಕ್ಷರ ಬಳಸಿದ್ದೆ, ನಡುವೆ ಜಾಗವನ್ನೂ ಬಿಟ್ಟಿದ್ದೆ. ಕೊಂಡಿಯಲ್ಲಿ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಜಾಗವಿಲ್ಲದೆ ಬರೆದಿದ್ದೆ. ನಮ್ಮ ಮನೆಯ ವಿಂಡೋಸ್ ಲ್ಯಾಪ್‌ಟಾಪಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಹೆಚ್ಚಿನ ವೆಬ್ ಸರ್ವರುಗಳು ಓಡುವುದು ಲಿನಕ್ಸ್‌ನಲ್ಲಿ. ಅದಕ್ಕೆ ಅವೆರಡೂ ಬೇರೆಬೇರೆ ಹೆಸರು. ಅಂದಿನಿಂದ ನನ್ನ ಎಲ್ಲ ಕಡತಗಳ ಹೆಸರು ಸಣ್ಣ ಅಕ್ಷರ, ನಡುವೆ ಅಡ್ಡಗೆರೆ, ಜಾಗವಿಲ್ಲ.

ಇದನ್ನು ಸರಿಮಾಡುವಷ್ಟರಲ್ಲಿ ಯಲ್ಲಾಪುರದ ಫುಪ್ಪುವಿನ ಮಗ ತನ್ನ ಐಫೋನಿನಲ್ಲಿ ತೆಗೆದ ಒಂದು ತುಣುಕು ಕಳಿಸಿದ, ದಾದಿ ಮೊಮ್ಮಕ್ಕಳಿಗೆ ಈದಿ ಹಂಚುವುದು. ಚಿಕ್ಕದು, ಸಲೀಸಾಗಿ ಏರಿತು. ತೆರೆದರೆ ಮಕ್ಕಳ ಗಲಾಟೆ ಕೇಳುತ್ತದೆ, ಪರದೆ ಕಪ್ಪು. ಐದನೆಯ ತೊಂದರೆ. ಎಂಪಿ4 ಎಂಬುದು ಒಂದು ಡಬ್ಬಿಯ ಹೆಸರು ಮಾತ್ರ, ಒಳಗಿರುವ ತಿಂಡಿಯದಲ್ಲ. ಚಿತ್ರವನ್ನು ಒತ್ತಿ ಕಟ್ಟಿಡುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಐಫೋನ್‌ಗಳು 2017ರಿಂದ ಎಚ್‌ಇವಿಸಿ ಎಂಬ ಹೊಸ ಕೋಡೆಕ್ ಬಳಸುತ್ತಿವೆ. ಜಾಗ ಉಳಿಯುತ್ತದೆ ನಿಜ, ಆದರೆ ಎಲ್ಲ ಬ್ರೌಸರಿಗೂ, ಎಲ್ಲ ಹಳೆಯ ಕಂಪ್ಯೂಟರಿಗೂ ಅದನ್ನು ಬಿಡಿಸಲು ಬರುವುದಿಲ್ಲ. ಎಚ್.264 ಎಂಬ ಹಳೆಯ ಕೋಡೆಕ್ ಹೆಚ್ಚುಕಡಿಮೆ ಎಲ್ಲೆಡೆ ನಡೆಯುತ್ತದೆ. ವಿಎಲ್‌ಸಿಯಲ್ಲಿ ವಿಡಿಯೊ ತೆರೆದು 'ಕೋಡೆಕ್ ಇನ್ಫರ್ಮೇಶನ್' ನೋಡಿದರೆ ಒಳಗೆ ಏನಿದೆ ಎಂದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಹ್ಯಾಂಡ್‌ಬ್ರೇಕಿನಲ್ಲಿ ಎಚ್.264ಕ್ಕೆ ಬದಲಿಸಿದೆ, ಈದಿ ಹಂಚುವ ಕೈ ಕಾಣಿಸಿತು.

ಆರನೆಯದು ಚಾಚಾ ಹೇಳಿದ್ದು. "ಬರೀ ಚಕ್ರ ತಿರುಗುತ್ತದೆ, ವಿಡಿಯೊ ಶುರುವಾಗುವುದೇ ಇಲ್ಲ." ನನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿದ ಕೂಡಲೇ ಓಡುತ್ತಿತ್ತು. ಹಾಗಾದರೆ ಜುಬೈಲ್‌ನ ನೆಟ್‌ವರ್ಕ್ ಸರಿಯಿಲ್ಲ ಎಂದು ತೀರ್ಮಾನಿಸಿದೆ, ಅಭ್ಯಾಸಬಲ! ನಿಜ ಬೇರೆಯೇ ಇತ್ತು. ವಿಡಿಯೊ ಕಡತದಲ್ಲಿ ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಒಂದು ಪರಿವಿಡಿ ಇರುತ್ತದೆ. ಎಷ್ಟೋ ಸಲ ಅದು ಕಡತದ ಕೊನೆಯಲ್ಲಿರುತ್ತದೆ. ಕೆಲವು ಸರ್ವರುಗಳಿಂದ ತರಿಸುವಾಗ ಕೊನೆಯ ಪುಟ ಕೈಗೆ ಬರುವವರೆಗೆ ಬ್ರೌಸರಿಗೆ ಓದಲು ಶುರುಮಾಡಲಾಗುವುದಿಲ್ಲ. ಹ್ಯಾಂಡ್‌ಬ್ರೇಕಿನಲ್ಲಿ 'ವೆಬ್ ಆಪ್ಟಿಮೈಸ್ಡ್' ಎಂಬಲ್ಲಿ ಗುರುತು ಹಾಕಿದರೆ ಪರಿವಿಡಿ ಮೊದಲಿಗೆ ಬರುತ್ತದೆ. ನನ್ನಲ್ಲಿ ಚೆನ್ನಾಗಿ ಓಡಿದ್ದೇಕೆ? ಮೊದಲೇ ನೋಡಿದ್ದರಿಂದ ಬ್ರೌಸರ್ ಅದನ್ನು ನೆನಪಿನಲ್ಲಿಟ್ಟುಕೊಂಡಿತ್ತು. ನಾವು ಮಾಡಿದ್ದನ್ನು ನಮ್ಮದೇ ಕಂಪ್ಯೂಟರಿನಲ್ಲಿ ನೋಡಿ ಸರಿ ಎಂದುಕೊಳ್ಳುವುದು, ನಮ್ಮ ಉತ್ತರ ಪತ್ರಿಕೆಗೆ ನಾವೇ ಅಂಕ ಹಾಕಿಕೊಂಡಂತೆ. ಬೇರೆಯವರ ಫೋನಿನಲ್ಲಿ, ಬೇರೆ ಸಿಮ್‌ನಲ್ಲಿ ನೋಡಬೇಕು.

ಇಷ್ಟು ಓದಿದವರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ನನ್ನ ಗೆಳೆಯರೂ ಕೇಳಿದರು. "ಇಷ್ಟೆಲ್ಲ ಯಾಕೆ? ಯೂಟ್ಯೂಬಿಗೆ ಹಾಕಿದ್ದರೆ ಹತ್ತು ನಿಮಿಷದ ಕೆಲಸವಲ್ಲವಾ?"

ಮಾತು ಸರಿ. ಯೂಟ್ಯೂಬ್ 2005ರಲ್ಲಿ ಬಂದು ಗೆದ್ದದ್ದೇ ಈ ತಲೆನೋವುಗಳನ್ನು ತಾನು ಹೊತ್ತುಕೊಂಡದ್ದರಿಂದ. ಅದಕ್ಕೆ ಮೊದಲ ವಿಡಿಯೊ ಹಾಕಿದ ಜಾವೇದ್ ಕರೀಂ ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರು. ನಾವು ಯಾವ ಕೋಡೆಕ್‌ನಲ್ಲಿ ಕೊಟ್ಟರೂ ಅವರ ಯಂತ್ರಗಳು ಅದನ್ನು ಬಿಡಿಸಿ, ನಾಲ್ಕಾರು ಗಾತ್ರಗಳಲ್ಲಿ ಮತ್ತೆ ಕಟ್ಟಿ, ನೋಡುವವರ ವೇಗಕ್ಕೆ ತಕ್ಕದ್ದನ್ನು ಕಳಿಸುತ್ತವೆ. ನಮ್ಮ ಸ್ವಂತ ವೆಬ್‌ಸೈಟಿನಲ್ಲಿ ಆ ಯಂತ್ರಗಳು ಇಲ್ಲ. ಆ ಕೆಲಸ ನಾವೇ ಮಾಡಬೇಕು. ಕಾಲೇಜಿನ ವಾರ್ಷಿಕೋತ್ಸವ, ಸೀರತ್ ಭಾಷಣ ಸ್ಪರ್ಧೆ, ವಿಜ್ಞಾನ ಪ್ರದರ್ಶನ ಇವೆಲ್ಲ ಊರೇ ನೋಡಬೇಕಾದವು. ಅವನ್ನು ಯೂಟ್ಯೂಬಿಗೇ ಹಾಕೋಣ, ನನ್ನದೇನೂ ತಕರಾರಿಲ್ಲ.

ಆದರೆ ಮನೆಯ ವಿಡಿಯೊ ಊರಿನದಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ಇಟ್ಟ ಸಾಮಾನು ಅಂಗಡಿ ಮುಚ್ಚಿದ ದಿನ ಎಲ್ಲಿ ಹೋಗುತ್ತದೆ ಎಂಬುದನ್ನು ನಮ್ಮ ಅಣ್ಣ ಅಕ್ಕಂದಿರು ನೋಡಿದ್ದಾರೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಟಿಕ್‌ಟಾಕ್ ಅನ್ನು 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ, ಆದರೆ ಅದರಲ್ಲಿ ಮಾತ್ರ ಇಟ್ಟುಕೊಂಡಿದ್ದವರ ಮನೆಯ ನಗು, ಮಕ್ಕಳ ತೊದಲು ಒಂದೇ ದಿನ ಕೈತಪ್ಪಿತು. ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಉಚಿತ ಎನ್ನುತ್ತಿದ್ದದ್ದು 2021ರ ಜೂನ್ 1ಕ್ಕೆ ನಿಂತಿತು.

ಹಾಗೆಂದು ಮನೆಯ ಕಪಾಟೂ ಪೂರ್ತಿ ಭದ್ರವಲ್ಲ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದು, ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದು ನಮಗೆ ದೂರದ ಸುದ್ದಿಯಲ್ಲ. ಮನೆ, ತೋಟವೇ ಹೋಗುವಾಗ ಕಪಾಟಿನ ಹಾರ್ಡ್ ಡಿಸ್ಕನ್ನು ಯಾರು ನೆನಪಿಸಿಕೊಳ್ಳುತ್ತಾರೆ? ವೆಬ್‌ಸೈಟಿಗೂ ವರ್ಷದ ಬಾಡಿಗೆ ಕಟ್ಟಲು ಮರೆತರೆ ಅದೂ ಹೋಗುತ್ತದೆ. ಆದ್ದರಿಂದ ಮೂರು ಪ್ರತಿ ಇರಬೇಕು: ಒಂದು ಮನೆಯ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ, ಒಂದು ಸ್ವಂತ ವೆಬ್‌ಸೈಟಿನಲ್ಲಿ. ಕುಗ್ಗಿಸಿದ್ದು ವೆಬ್‌ಸೈಟಿಗೆ ಸಾಕು. ಮೂಲವನ್ನು ಮಾತ್ರ ಅಳಿಸಬಾರದು.

ಈಗ ಏಳನೆಯ ತಪ್ಪಿಗೆ ಬರುತ್ತೇನೆ. ಹಿಂದಿನ ಆರೂ ತಪ್ಪುಗಳು ಏನಾದರೂ ಸುಳಿವು ಕೊಟ್ಟವು. ಕೆಂಪು ಅಕ್ಷರ ಬಂತು, ಕಪ್ಪು ಪರದೆ ಬಂತು, ಚಕ್ರ ತಿರುಗಿತು. ಏಳನೆಯದು ಯಾವ ಸುಳಿವೂ ಕೊಡಲಿಲ್ಲ. ಎಲ್ಲ ಸರಿಯಾಗಿದೆ ಎಂದೇ ತೋರಿತು.

ಪುಟಕ್ಕೆ ಪಾಸ್‌ವರ್ಡ್ ಹಾಕಿದ್ದೆ. ಮನೆಯ ಎಲ್ಲರಿಗೂ ಹೇಳಿದ್ದೆ. ಚಾಚಾ ಪೂರ್ತಿ ನೋಡಿ ಅತ್ತರು. ನಾಲ್ಕನೆಯ ದಿನ ಸಿದ್ದಾಪುರದಿಂದ ಖಾಲಾ ಅಮ್ಮಿಗೆ ಫೋನ್ ಮಾಡಿದರು. ಅವರ ಮಗಳು ವಿಡಿಯೊದ ನೇರ ಕೊಂಡಿಯನ್ನು ತನ್ನ ಗೆಳತಿಗೆ ಕಳಿಸಿದ್ದಳು. ಆ ಗೆಳತಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. ಆದರೂ ವಿಡಿಯೊ ತೆರೆಯಿತು. ಆ ಗೆಳತಿಯ ಮನೆಯವರೆಲ್ಲ ಕುಳಿತು ನೋಡಿದರು. ವಿಡಿಯೊದ ಏಳನೆಯ ನಿಮಿಷದಲ್ಲಿ ದಾದಿಯ ಹಿಂದೆ ಒಲೆಯ ಮುಂದೆ ಖಾಲಾ ಇದ್ದಾರೆ. ಈದಿನ ಗಡಿಬಿಡಿ, ತಲೆಯ ಮೇಲೆ ದುಪಟ್ಟಾ ಇಲ್ಲ, ತೋಳು ಮಡಚಿ ಶೀರ್ ಖುರ್ಮಾ ತಿರುವುತ್ತ ಜೋರಾಗಿ ನಗುತ್ತಿದ್ದಾರೆ. ಮನೆಯೊಳಗಿನ ನಗು ಅದು. ಹೊರಗೆ ಹೋಗುವಾಗ ಎಂದೂ ತಲೆ ಮುಚ್ಚದೆ ಹೋದವರಲ್ಲ ಅವರು.

ಪರೀಕ್ಷಿಸಿ ನೋಡಿದೆ. ವರ್ಡ್‌ಪ್ರೆಸ್ ಪುಟಕ್ಕೆ ಹಾಕುವ ಪಾಸ್‌ವರ್ಡ್ ಪುಟಕ್ಕೆ ಮಾತ್ರ. ಪುಟದೊಳಗೆ ತೋರಿಸುವ ವಿಡಿಯೊ ಕಡತ ಬೇರೆ ಫೋಲ್ಡರಿನಲ್ಲಿರುತ್ತದೆ. ಅದರ ನೇರ ವಿಳಾಸ ಗೊತ್ತಿದ್ದರೆ ಯಾರು ಬೇಕಾದರೂ ತೆರೆಯಬಹುದು. ನನ್ನ ಫೋಲ್ಡರಿನ ವಿಳಾಸ ಹಾಕಿದರೆ ಒಳಗಿರುವ ಕಡತಗಳ ಪಟ್ಟಿಯೇ ಬಿಚ್ಚಿಕೊಳ್ಳುತ್ತಿತ್ತು. ಅಮ್ಮಿಗೆ ವಿವರಿಸಿದೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟು ಮಲಗಿದೆಯಾ?"

ಆ ಕ್ಷಣವೇ ವಿಡಿಯೊ ತೆಗೆದೆ. ಪರಿಹಾರ ಕಷ್ಟದ್ದಾಗಿರಲಿಲ್ಲ. ಸರ್ವರಿನ ನಿಯಂತ್ರಣ ಪುಟದಲ್ಲಿ ಫೋಲ್ಡರಿಗೇ ಪಾಸ್‌ವರ್ಡ್ ಹಾಕುವ ಸೌಲಭ್ಯವಿದೆ. ಅದನ್ನು ಹಾಕಿದರೆ ನೇರ ಕೊಂಡಿಯೂ ಬೀಗ ಕೇಳುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ನೋಡಿದವರ ಕಣ್ಣಿನಿಂದ ವಿಡಿಯೊವನ್ನು ವಾಪಸ್ ತೆಗೆಯುವ ಗುಂಡಿ ಯಾವ ಪುಟದಲ್ಲೂ ಇಲ್ಲ.

ಮರುದಿನ ಬಸ್ ಹತ್ತಿ ಸಿದ್ದಾಪುರಕ್ಕೆ ಹೋದೆ. ಖಾಲಾ ಬೈಯಲಿಲ್ಲ. ಚಹಾ ಕೊಟ್ಟು, "ಬೀಗದ ಮಾತು ಆಮೇಲೆ. ಹಾಕುವ ಮೊದಲು ನನ್ನನ್ನು ಕೇಳಿದೆಯಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹದಿನೈದು ದಿನ ಸರ್ವರಿನ ಅನುಮತಿ, ಕಡತದ ಮಿತಿ ಎಂದೆಲ್ಲ ತಲೆಕೆಡಿಸಿಕೊಂಡವರಿಗೆ, ಆ ವಿಡಿಯೊದಲ್ಲಿರುವ ಮನುಷ್ಯರ ಅನುಮತಿ ಕೇಳಬೇಕು ಎಂದು ಒಂದು ಸಲವೂ ಹೊಳೆದಿರಲಿಲ್ಲ.

ಇನ್ನೊಬ್ಬರ ಮನೆ ಹೊಗುವ ಮೊದಲು ಸಲಾಂ ಹೇಳಿ ಅನುಮತಿ ಕೇಳಬೇಕು ಎಂದು ಸೂರಾ ಅನ್ನೂರ್‌ನಲ್ಲಿ ಇದೆ. ಮಕ್ತಬ್‌ಗೆ ಹೋಗುವಾಗಲೇ ಕಲಿತದ್ದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡದ್ದನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾನೂನು ಮನೆಯೊಳಗೆ ಇಣುಕುವುದಿಲ್ಲ. ಅಂದಮೇಲೆ ಮನೆಯೊಳಗಿನ ಮರ್ಯಾದೆಯನ್ನು ಕಾಯಬೇಕಾದವರು ಫೋನ್ ಹಿಡಿದ ನಾವೇ. ಇದು ಹೆಂಗಸರ ಮಾತು ಮಾತ್ರವಲ್ಲ. ತಮ್ಮನ ಸ್ನಾನದ ವಿಡಿಯೊ, ಹಾಸಿಗೆ ಹಿಡಿದ ಅಜ್ಜನ ವಿಡಿಯೊ, ಫೇಲಾದ ಅಣ್ಣ ಅಳುವ ವಿಡಿಯೊ, ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಯಲ್ಲಾಪುರ ಕಡೆಯಿಂದ ಬರುವ ನಮ್ಮ ಸಿದ್ದಿ ಸಹಪಾಠಿಯೊಬ್ಬರು ಇದಕ್ಕೆ ಇನ್ನೊಂದು ಮುಖ ತೋರಿಸಿದರು. ಅವರ ಅಜ್ಜಿ ಕೌದಿ ಹೊಲಿಯುತ್ತಾರೆ. ಹೊರಗಿನಿಂದ ಬಂದವರು ಅದನ್ನು ಚಿತ್ರೀಕರಿಸಿಕೊಂಡು ಹೋಗುತ್ತಾರೆ. "ಅಜ್ಜಿಯ ವಿಡಿಯೊ ಯಾರ ಯಾರ ಫೋನಿನಲ್ಲೋ ಇದೆ, ನಮ್ಮ ಮನೆಯಲ್ಲಿ ಒಂದೂ ಇಲ್ಲ" ಎಂದರು. ಕೇಳದೆ ಹಂಚುವುದು ಒಂದು ತಪ್ಪಾದರೆ, ನಮ್ಮವರ ನೆನಪನ್ನು ನಾವೇ ಇಟ್ಟುಕೊಳ್ಳಲು ಕಲಿಯದಿರುವುದು ಇನ್ನೊಂದು ತಪ್ಪು. ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಮಾಡಬಾರದು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಕಂಪ್ಯೂಟರ್ ಲ್ಯಾಬ್ ತೆರೆದಿಡಿ. ವಿಜ್ಞಾನದವರಿಗೆ ಮಾತ್ರವಲ್ಲ, ಕಲಾ, ವಾಣಿಜ್ಯ ವಿಭಾಗದವರಿಗೂ. ಮನೆಯ ಹಿರಿಯರ ಒಂದು ವಿಡಿಯೊವನ್ನು ಸರಿಯಾಗಿ ಕುಗ್ಗಿಸಿ, ಹೆಸರಿಟ್ಟು, ಮೂರು ಪ್ರತಿ ಮಾಡಿ, ಬೀಗ ಹಾಕಿ ಇಡುವುದನ್ನು ಕಲಿಯೋಣ. ನಾನು ಕಲಿತಷ್ಟನ್ನು ಹೇಳಿಕೊಡಲು ಸಿದ್ಧ. ಅಲ್ಲಿಯವರೆಗೆ ಈ ಚೀಟಿ ಇಟ್ಟುಕೊಳ್ಳಿ:

1. ವಿಡಿಯೊದಲ್ಲಿ ಇರುವವರನ್ನೆಲ್ಲ ಕೇಳಿದ್ದೀರಾ? ಯಾರಿಗೆ ತೋರಿಸುತ್ತೀರಿ ಎಂದು ಹೇಳಿ ಕೇಳಿದ್ದೀರಾ?
2. ದೋಷದ ಸಂದೇಶವನ್ನು ಪೂರ್ತಿ ಓದಿದ್ದೀರಾ?
3. ಕಡತದ ಗಾತ್ರ ಎಷ್ಟು, ಸರ್ವರಿನ ಮಿತಿ ಎಷ್ಟು? ಮಿತಿಗಳು ಎರಡಿವೆ, ನೆನಪಿರಲಿ.
4. ನಿಮ್ಮ ಅಪ್‌ಲೋಡ್ ವೇಗದಲ್ಲಿ ಎಷ್ಟು ಹೊತ್ತು ಬೇಕು ಎಂದು ಗುಣಿಸಿದ್ದೀರಾ?
5. ಕೋಡೆಕ್ ಎಚ್.264 ಇದೆಯಾ? ಪರಿವಿಡಿ ಮೊದಲಿಗಿದೆಯಾ?
6. ಹೆಸರು ಸಣ್ಣ ಅಕ್ಷರದಲ್ಲಿ, ಜಾಗವಿಲ್ಲದೆ ಇದೆಯಾ?
7. ಬೇರೆಯವರ ಫೋನಿನಲ್ಲಿ ನೋಡಿದ್ದೀರಾ? ಪಾಸ್‌ವರ್ಡ್ ಇಲ್ಲದೆ ನೇರ ಕೊಂಡಿ ತೆರೆದು ನೋಡಿದ್ದೀರಾ?

ಏಳೂ ಆದ ಮೇಲೆಯೂ ಆಗದಿದ್ದರೆ, ಆಗ ಧಾರಾಳವಾಗಿ ಹೇಳಿ: ನೆಟ್‌ವರ್ಕ್ ಇರಲಿಲ್ಲ ಸರ್.

ಖಾಲಾ ಕೊನೆಗೆ ಒಂದು ದಾರಿ ಹೇಳಿದರು. "ದನಿ ಇರಲಿ, ಮುಖ ಬೇಡ." ಈಗ ಏಳನೆಯ ನಿಮಿಷದಲ್ಲಿ ನಲವತ್ತು ಸೆಕೆಂಡು ಹಿತ್ತಲ ಅಡಿಕೆ ಮರಗಳು ಮಾತ್ರ ಕಾಣುತ್ತವೆ. ಖಾಲಾ ನಗುವುದು ಕೇಳಿಸುತ್ತದೆ.

ಹೊಸದಾಗಿ ಕತ್ತರಿಸುವಾಗ ವಿಡಿಯೊವನ್ನು ಮೊದಲಿಂದ ನೋಡಿದೆ. ಎಷ್ಟೋ ಸಲ ನೋಡಿದ್ದರೂ ಮೊದಲ ಹತ್ತು ಸೆಕೆಂಡಿನಲ್ಲಿ ಆಡಿದ ಮಾತಿಗೆ ಕಿವಿ ಕೊಟ್ಟಿರಲಿಲ್ಲ. ನಾನು ಫೋನ್ ಎತ್ತಿದ ಕೂಡಲೇ ದಾದಿ ಸೆರಗು ಸರಿಮಾಡಿಕೊಂಡು, "ಯಾರಿಗೆ ತೋರಿಸಲಿಕ್ಕೆ?" ಎಂದು ಕೇಳುತ್ತಾರೆ. "ಚಾಚಾಗೆ" ಎಂದು ನನ್ನ ದನಿ. "ಹಾಗಾದರೆ ಆಯ್ತು" ಎಂದು ಅವರು ಖರ್ಜೂರದ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಾರೆ.

ಅವರು ಕೇಳಿದ್ದರು. ನಾನು ಉತ್ತರವನ್ನೂ ಕೊಟ್ಟಿದ್ದೆ. ಆ ಉತ್ತರಕ್ಕೆ ತಕ್ಕಂತೆ ನಡೆದುಕೊಳ್ಳುವುದಷ್ಟೇ ಉಳಿದಿತ್ತು.